ಹಸಿರು ಟಿಕ್ ಮಾರ್ಕು

"ನೋಡಿ ಆಂಟಿ, ಹಸಿರು ಟಿಕ್ ಮಾರ್ಕು ಬಂತು! ವೈರಸ್ಸೂ ಇಲ್ಲ, ಮಣ್ಣೂ ಇಲ್ಲ!" ಜೀರುಂಡೆ ಕುರ್ಚಿಯ ಮೇಲೇ ಕುಣಿದಳು.

ಸದಾ ಕಿರುಗುಟ್ಟುವ ಅವಳಿಗೆ ಆ ಹೆಸರಿಟ್ಟವಳು ಅಕ್ಕ. ಅಕ್ಕನ ಕೆಲಸ ಮನೆಗಳ ನಕ್ಷೆ ಬಿಡಿಸುವುದು. ನಿನ್ನೆ ಸಂಜೆ ಕಂಪ್ಯೂಟರ್ ಆನ್ ಮಾಡಿದರೆ ನಕ್ಷೆಗಳ ಫೋಲ್ಡರೇ ಮಾಯ! ಮೂರು ತಿಂಗಳ ಕೆಲಸ. ನಾಳೆ ಬೆಳಿಗ್ಗೆ ಆಫೀಸಿಗೆ ಒಪ್ಪಿಸಬೇಕು.

"ಏನಾದ್ರೂ ಡೌನ್‌ಲೋಡ್ ಮಾಡಿದ್ಯೇನೇ?" ಎಂದು ಅಕ್ಕ ಕೇಳಿದ್ದಳು.

"ನಾನಾ? ಏನೂ ಇಲ್ಲಪ್ಪ" ಎಂದಿದ್ದಳು ಜೀರುಂಡೆ.

ಕಂಪ್ಯೂಟರ್ ರಿಪೇರಿಗೆ ಬಂದಿದ್ದ ಆಂಟಿ ಟಿಕ್ ಮಾರ್ಕು ನೋಡಿ ನಕ್ಕರು. "ಇದನ್ನ ನಂಬ್ತೀಯಾ?"

"ವೈರಸ್ ಸ್ಕ್ಯಾನರ್ರೇ ಹೇಳ್ತಲ್ಲ!"

"ಪಾಪ, ಸ್ಕ್ಯಾನರ್ ಏನ್ಮಾಡುತ್ತೆ? ಫೈಲ್ ತೋರಿಸು ಅಂತ ಈ ಕಂಪ್ಯೂಟರನ್ನೇ ಕೇಳ್ಬೇಕು. ಇದೋ, ವೈರಸ್ ಜೊತೆ ಸೇರ್ಕೊಂಡಿದೆ. ಒಳ್ಳೇದನ್ನೆಲ್ಲ ತೋರಿಸಿ ಕೆಟ್ಟದ್ದನ್ನ ಬಚ್ಚಿಡುತ್ತೆ. ಬೇಲಿನೇ ಎದ್ದು ಹೊಲ ಮೇಯ್ದ್ರೆ ಕಾಯೋರ್ಯಾರು?"

ಜೀರುಂಡೆಯ ಕುಣಿತ ನಿಂತಿತು.

ಆಂಟಿ ಕಂಪ್ಯೂಟರ್ ಆಫ್ ಮಾಡಿ, ಚೀಲದಿಂದ ಒಂದು ಪೆನ್‌ಡ್ರೈವ್ ತೆಗೆದರು. ಅದರ ಅಂಚಿನಲ್ಲಿ ಅಕ್ಕಿಕಾಳಿನಷ್ಟು ಗುಂಡಿ. ಅದನ್ನು ಉಗುರಿನಿಂದ ಸರಿಸಿದರು.

"ಲಾಕ್ ಆಯ್ತು. ಇನ್ನು ಇದರೊಳಗೆ ಯಾವ ವೈರಸ್ಸೂ ನುಗ್ಗಲ್ಲ. ಈಗ ಕಂಪ್ಯೂಟರ್ ಇದರಿಂದಲೇ ಆನ್ ಆಗುತ್ತೆ. ಒಳಗಿರೋ ಕಳ್ಳ ಮಲಗೇ ಇರ್ತಾನೆ."

"ಚೆಕ್ ಮಾಡೋವಾಗ ಎದ್ದುಬಿಟ್ರೆ?"

"ಫೈಲನ್ನ ರನ್ ಮಾಡಿದ್ರೆ ತಾನೇ ಏಳೋದು? ಇದು ಬರೀ ಓದುತ್ತೆ."

ಆಂಟಿ ಪೆನ್‌ಡ್ರೈವ್ ಸಿಕ್ಕಿಸಿ ಆನ್ ಮಾಡಿದರು. ಪರದೆಯ ಮೇಲೆ ಫೈಲುಗಳ ಹೆಸರುಗಳು ಸರಸರನೆ ಓಡಿದವು. ಮಾಯವಾಗಿದ್ದ ನಕ್ಷೆಗಳು ಬಂದವು, ಅಷ್ಟೂ. ಬಾಗಿಲ ಬಳಿ ನಿಂತಿದ್ದ ಅಕ್ಕ ಉಸಿರು ಬಿಟ್ಟಳು.

ಆಮೇಲೆ ಕೆಂಪು ಸಾಲಿನಲ್ಲಿ ವೈರಸ್ ಫೈಲಿನ ಹೆಸರು ಬಂತು. ಜೀರುಂಡೆಗೆ ಆ ಹೆಸರು ಗೊತ್ತು. ರೇಸಿಂಗ್ ಆಟಕ್ಕೆ ಪುಕ್ಕಟೆ ಕಾರು ಕೊಡುತ್ತೇನೆ ಎಂದಿದ್ದ ಫೈಲು. ಪಕ್ಕದಲ್ಲಿ ನಿನ್ನೆಯ ತಾರೀಖು, ಮಧ್ಯಾಹ್ನ ಮೂರೂ ಹತ್ತು. ಅಕ್ಕ ನಿದ್ದೆಯಲ್ಲಿದ್ದ ಹೊತ್ತು.

ಆಂಟಿಯೂ ಅದನ್ನು ಓದಿದರು. ಜೀರುಂಡೆಯ ಮುಖವನ್ನೂ ನೋಡಿದರು.

"ಎಲ್ಲಿಂದ ಬಂತಂತೆ ಆಂಟಿ?" ಎಂದು ಅಕ್ಕ ಅಲ್ಲಿಂದಲೇ ಕೇಳಿದಳು.

ಆಂಟಿ ಕನ್ನಡಕ ತೆಗೆದು ಒರೆಸತೊಡಗಿದರು. ಒರೆಸಿದರು, ಒರೆಸಿದರು.

"ಅಕ್ಕಾ..." ಎಂದಳು ಜೀರುಂಡೆ. ಅವಳ ದನಿ ಅವಳಿಗೇ ಹೊಸದಾಗಿ ಕೇಳಿಸಿತು. "ನೀನು ನಿನ್ನೆ ನನ್ನನ್ನ ಏನೋ ಕೇಳಿದ್ಯಲ್ಲ? ಇನ್ನೊಂದ್ಸಲ ಕೇಳು."