ಹತ್ತನೇ ವಾಕ್ಯ

ಬೆಳಿಗ್ಗೆ ಏಳೂವರೆಗೆ ನರ್ಸ್ ಕಾಫಿ ಹಿಡಿದು ಆರನೇ ಕೋಣೆಗೆ ಹೋದಳು. ಅಜ್ಜ ಎದ್ದಿರಲಿಲ್ಲ. ಕೈ ಮುಟ್ಟಿದಳು. ತಣ್ಣಗಿತ್ತು. ಅವಳ ಕಿರುಚಾಟ ಕೆಳಗಿನ ಊಟದ ಹಾಲ್‌ವರೆಗೂ ಕೇಳಿಸಿತಂತೆ.

ನಾನು ತಲುಪಿದಾಗ ಒಂಬತ್ತು ಗಂಟೆ. ವೃದ್ಧಾಶ್ರಮದಲ್ಲಿ ಒಬ್ಬರು ತೀರಿಕೊಂಡರೆ ಪೊಲೀಸರನ್ನು ಯಾರೂ ಕರೆಯುವುದಿಲ್ಲ. ಇಲ್ಲಿ ಡಾಕ್ಟರೇ ಕರೆಸಿದ್ದರು. ನನಗೆ ನಿವೃತ್ತಿಗೆ ಏಳು ತಿಂಗಳಿದೆ. ಎರಡೂ ಮೊಣಕಾಲು ಕೈಕೊಟ್ಟಿವೆ. ಕೋಣೆ ಮಾತ್ರ ಮೂರನೇ ಮಹಡಿಯಲ್ಲಿ. ನನ್ನ ಹಣೆಬರಹ, ಹತ್ತಿದೆ.

ಡಾಕ್ಟರು ಕೆಮ್ಮಿನ ಔಷಧಿಯ ಬಾಟಲಿಯನ್ನು ಬೆಳಕಿಗೆ ಹಿಡಿದರು. ತಳದಲ್ಲಿ ಬಿಳಿ ಪುಡಿ ಕೂತಿತ್ತು.

"ನಿದ್ದೆ ಮಾತ್ರೆ ಪುಡಿ ಮಾಡಿ ಹಾಕಿದ್ದಾರೆ. ಅದನ್ನ ತಡ್ಕೊಳ್ಳೋ ಹೃದಯ ಅಲ್ಲ ಇವರದ್ದು."

ಕಿಟಕಿಯ ಪಕ್ಕ ಒಂದು ಗಾಜಿನ ತೊಟ್ಟಿ, ಅದರಲ್ಲಿ ನಾಲ್ಕು ಕೆಂಪು ಮೀನು. ತಿನ್ನದೆ ಬಿಟ್ಟ ಕಾಳು ಊದಿಕೊಂಡು ನೀರಿನ ಮೇಲೆ ತೇಲುತ್ತಿತ್ತು.

* * *

"ಔಷಧಿ ಕುಡಿಸೋದು ನರ್ಸ್ ಒಬ್ಬಳೇ ಸರ್," ಎಂದರು ಮ್ಯಾನೇಜರ್. "ಒಳ್ಳೇ ಹುಡುಗಿ ಅಂದ್ಕೊಂಡಿದ್ದೆ. ವಿದೇಶದ ಆಸ್ಪತ್ರೇಲಿ ಒಂದೇ ಒಂದು ಜಾಗ ಇದೆ. ಅದಕ್ಕೆ ಇವಳದ್ದೂ ಕಾಂಪೌಂಡರ್‌ದೂ ಹೆಸರು ಕಳಿಸಿದ್ದೆ. ಸೋಮವಾರ ಇಂಗ್ಲಿಷ್ ಪರೀಕ್ಷೆ. ಇವಳೇ ಗೆಲ್ತಾಳೆ ಅಂತ ಎಲ್ಲರೂ ಅಂತಿದ್ರು."

ನರ್ಸ್ ಮೂವತ್ತರ ಆಸುಪಾಸಿನವಳು. ಅತ್ತೂ ಅತ್ತೂ ಕಣ್ಣು ಊದಿಕೊಂಡಿತ್ತು.

"ನಿನ್ನೆ ಸಂಜೆ ನಾಲ್ಕು ಗಂಟೆಗೆ ಅದೇ ಬಾಟಲೀಲಿ ಕೊಟ್ಟೆ ಸರ್. ಏನೂ ಆಗ್ಲಿಲ್ಲ. ನಾಲ್ಕೂವರೆಗೆ ಅಜ್ಜನ್ನ ಗಾಲಿಕುರ್ಚೀಲಿ ತೋಟಕ್ಕೆ ಕರ್ಕೊಂಡು ಹೋದೆ. ಆರರವರೆಗೆ ಎಲ್ಲರ ಹತ್ರ ನಗ್ತಾ ಕೂತಿದ್ರು. ಎಂಟಕ್ಕೆ ಮತ್ತೆ ಔಷಧಿ ಕೊಟ್ಟು ಮಲಗಿಸಿದೆ. ಅಷ್ಟೇ."

"ಮೀನಿಗೆ ಊಟ ಹಾಕೋದು ಯಾರು?"

ಇದೇನು ಪ್ರಶ್ನೆ ಎಂಬಂತೆ ನೋಡಿದಳು. "ನಾನೇ. ನಾಲ್ಕಕ್ಕೆ ಒಂದು ಚಿಟಿಕೆ. ಎರಡು ನಿಮಿಷದಲ್ಲಿ ಖಾಲಿ ಮಾಡ್ಬಿಡ್ತವೆ."

ಹೊರಡುವಾಗ ನನ್ನ ಮುಂದೆ ಬಂದು ನಿಂತಳು. "ಸರ್, ನನ್ನ ಮಗಳು ಅಕ್ಕನ ಮನೇಲಿದ್ದಾಳೆ. ಆ ಕೆಲಸ ಸಿಕ್ಕಿದ್ರೆ ಜೊತೇಲಿ ಕರ್ಕೊಂಡು ಹೋಗ್ಬಹುದಿತ್ತು. ಕೆಲಸ ಹಾಳಾಗಿ ಹೋಗ್ಲಿ. ನಿಮ್ಮಮ್ಮ ಕೊಲೆ ಮಾಡಿದ್ಲು ಅಂತ ಅವಳಿಗೆ ಯಾರೂ ಹೇಳೋ ಹಾಗೆ ಮಾಡ್ಬೇಡಿ."



* * *

ನಮ್ಮ ದಫೇದಾರ ಓಡೋಡಿ ಬಂದ. ಅಜ್ಜನ ತಂಗಿ ಮಗ ನಿನ್ನೆ ಮಧ್ಯಾಹ್ನ ಬಂದು ಆಸ್ತಿ ವಿಷಯಕ್ಕೆ ಕೂಗಾಡಿದ್ದನಂತೆ.

"ಇವನೇ ಸಾರ್! ಕಣ್ಣು ಮುಚ್ಚಿ ಹೇಳ್ತೀನಿ."

"ಕಣ್ಣು ಬಿಟ್ಟು ಹೇಳಯ್ಯ. ಎಷ್ಟು ಗಂಟೆಗೆ ಹೋದ?"

"ಗೇಟಿನ ಪುಸ್ತಕದಲ್ಲಿ ಮೂರೂವರೆ ಅಂತಿದೆ."

"ನಾಲ್ಕು ಗಂಟೆಗೆ ಕುಡಿದ ಔಷಧಿ ಸರಿಯಾಗೇ ಇತ್ತು. ಪುಡಿ ಬಿದ್ದಿದ್ದು ಆಮೇಲೆ."

ದಫೇದಾರನ ಮುಖ ಸಪ್ಪಗಾಯಿತು. ನನ್ನದೂ ಅಷ್ಟೇ. ತಂಗಿ ಮಗ ಜಾರಿಕೊಂಡರೆ ಉಳಿಯುವವಳು ನರ್ಸ್ ಒಬ್ಬಳೇ.

ಔಷಧಿ ಸ್ಟೋರ್ ನೆಲಮಹಡಿಯಲ್ಲಿತ್ತು. ಕಾಂಪೌಂಡರ್ ನಮಗೆ ಕುರ್ಚಿ ಒರೆಸಿ ಕೊಟ್ಟ.

"ನಿನ್ನೆ ಬೆಳಿಗ್ಗೆಯಿಂದ ಇಲ್ಲೇ ಇದ್ದೆ ಸರ್. ಮೇಲಕ್ಕೆ ಕಾಲೇ ಇಟ್ಟಿಲ್ಲ. ಅವಳು ನನ್ನನ್ನ ಬಾಯ್ತುಂಬ ಅಣ್ಣಾ ಅಂತಾಳೆ. ಹೀಗೆ ಮಾಡ್ತಾಳೆ ಅಂತ ಕನಸಲ್ಲೂ ಅಂದ್ಕೊಂಡಿರ್ಲಿಲ್ಲ."

* * *

ಊಟದ ಹಾಲ್‌ನಲ್ಲಿ ಚಹಾ ಕುಡಿಯಲು ಕೂತೆ. ಎದುರು ಮೇಜಿನಲ್ಲಿ ಟೀಚರಮ್ಮ ನೋಟ್‌ಬುಕ್ ತಿದ್ದುತ್ತಿದ್ದರು. ದಿನಾ ಬೆಳಿಗ್ಗೆ ಆರೂವರೆಯಿಂದ ಏಳೂವರೆ ಇಲ್ಲಿನ ಕೆಲಸದವರಿಗೆ ಇಂಗ್ಲಿಷ್ ಕಲಿಸುವವರು. ಅರವತ್ತು ದಾಟಿದ್ದರೂ ಸಿಟ್ಟು ಮೂಗಿನ ತುದಿಯಲ್ಲೇ ಇತ್ತು.

"ನೋಡಿ ಇದನ್ನ! ಕಾಂಪೌಂಡರ್ ಇವತ್ತಿನ ಹಾಳೇನೇ ಹರ್ಕೊಂಡು ಹೋಗಿದ್ದಾನೆ. ಬೆಳಿಗ್ಗೆ ಆ ಗಲಾಟೇಲಿ ಪುಸ್ತಕ ಎಲ್ಲ ಇಲ್ಲೇ ಮೇಜಿನ ಮೇಲೆ ಬಿಟ್ಟು ಓಡಿದ್ವಿ."

ನಾನು ಚಹಾ ಕೆಳಗಿಟ್ಟೆ. "ಹಾಳೇಲಿ ಏನಿತ್ತು?"

"ನಿನ್ನೆ ಏನು ಮಾಡಿದ್ರಿ ಅನ್ನೋದು. ದಿನಾ ಹತ್ತು ವಾಕ್ಯ. ಐ ವೆಂಟ್, ಐ ವಾಶ್ಡ್, ಹೀಗೆ. ಬರೆದು ಪಕ್ಕದವರಿಗೆ ಓದಿ ಹೇಳ್ಬೇಕು. ಅವರು ಅದನ್ನೇ ಹೀ ವೆಂಟ್, ಶೀ ವಾಶ್ಡ್ ಅಂತ ತಮ್ಮ ಪುಸ್ತಕದಲ್ಲಿ ಬರ್ಕೋಬೇಕು. ನಾಲಿಗೆ ಹೊರಳೋದು ಹಾಗೇನೇ."

"ಎಲ್ಲರೂ ನಿಜಾನೇ ಬರೀತಾರಾ?"

ಟೀಚರಮ್ಮ ನಕ್ಕರು. "ಸುಳ್ಳು ಹೇಳೋಕೆ ಎಷ್ಟು ಶಬ್ದ ಬೇಕು ಗೊತ್ತಾ? ಇವರ ಹತ್ರ ಅಷ್ಟಿಲ್ಲ. ಇವತ್ತು ಕಾಂಪೌಂಡರ್ ಒಂಬತ್ತು ವಾಕ್ಯಕ್ಕೇ ನಿಂತ. ಹತ್ತಾಗದೆ ಏಳೋ ಹಾಗಿಲ್ಲ ಅಂದೆ. ಪೇಚಾಡಿ ಪೇಚಾಡಿ ಕೊನೆಗೊಂದು ಹೇಳ್ದ. ಹೊಸದಾಗಿ ಕಲಿಸಿದ ಶಬ್ದ, ಸರಿಯಾಗೇ ಹಾಕಿದ್ದ. ಶಭಾಷ್ ಅಂದೆ."

"ಅವನ ಪಕ್ಕ ಕೂರೋದು ಯಾರು?"

"ನರ್ಸ್. ಅವಳ ಅಕ್ಷರ ಚೆಂದ. ಬೇರೆಯವರಿಗೆ ತೋರ್ಸೋಣ ಅಂತ ಅವಳ ಪುಸ್ತಕ ಆಗಲೇ ನನ್ನ ಚೀಲದಲ್ಲಿ ಹಾಕ್ಕೊಂಡಿದ್ದೆ."

ಚೀಲದಿಂದ ಪುಸ್ತಕ ಬಂತು. ಮೇಲೆ ಇಂದಿನ ತಾರೀಕು. ನನ್ನ ಇಂಗ್ಲಿಷ್ ಅಷ್ಟಕ್ಕಷ್ಟೇ, ಆದರೂ ಬೆರಳಿಟ್ಟು ಓದಿದೆ. ಅಂಗಿ ಒಗೆದ, ಊಟ ಮಾಡಿದ, ತಾಯಿಗೆ ಫೋನ್ ಮಾಡಿದ. ಹತ್ತನೆಯದಕ್ಕೆ ಬಂದು ನಿಂತೆ.

ಹೀ ಫೆಡ್ ದ ಫಿಶ್. ಅವನು ಮೀನಿಗೆ ಊಟ ಹಾಕಿದ.

ಇಡೀ ಕಟ್ಟಡದಲ್ಲಿ ಮೀನಿದ್ದದ್ದು ಒಂದೇ ಕೋಣೆಯಲ್ಲಿ.

* * *

ಮ್ಯಾನೇಜರ್ ಕೋಣೆಗೆ ಕಾಂಪೌಂಡರನ್ನು ಕರೆಸಿದೆ. ನರ್ಸ್, ಟೀಚರಮ್ಮ ಅಲ್ಲೇ ಇದ್ದರು. ಪುಸ್ತಕ ತೆರೆದು ಅವನ ಮುಂದಿಟ್ಟೆ.

"ನಿನ್ನ ಪುಸ್ತಕದ ಹಾಳೆ ಹರಿದೆ. ಇವಳ ಪುಸ್ತಕ ಮರೆತೆ."

ಅವನು ಓದಿದ. ಕೈ ಅಂಗಿಯ ಜೇಬಿಗೆ ಹೋಯಿತು.

"ನಾಲ್ಕಕ್ಕೆ ಇವಳು ಹಾಕಿದ್ದನ್ನ ಮೀನುಗಳು ತಿಂದು ಮುಗಿಸಿದ್ವು," ಎಂದೆ. "ಆಮೇಲೆ ಯಾರೋ ಮುಷ್ಟಿ ತುಂಬ ಇನ್ನೊಂದ್ಸಲ ಹಾಕಿದ್ರು. ಹೊಟ್ಟೆ ತುಂಬಿತ್ತು, ಹಾಗಾಗಿ ಕಾಳು ಉಳೀತು. ನೀನು ಹೋಗಿದ್ದು ಅಜ್ಜ ತೋಟದಲ್ಲಿದ್ದಾಗ. ಕಾಲೇ ಇಟ್ಟಿಲ್ಲ ಅಂದೆಯಲ್ಲ, ಕೈ ಇಟ್ಟು ಬಂದಿದ್ದೀಯ."

ದಫೇದಾರ ಅವನ ಜೇಬಿಗೆ ಕೈ ಹಾಕಿದ. ನಾಲ್ಕಾಗಿ ಮಡಚಿದ ಹಾಳೆ ಸಿಕ್ಕಿತು.

ಕಾಂಪೌಂಡರ್ ಕುಸಿದು ಕೂತ. "ಸಾಯ್ತಾರೆ ಅಂತ ಗೊತ್ತಿರ್ಲಿಲ್ಲ ಸರ್, ತಾಯಾಣೆ. ಮಧ್ಯಾಹ್ನದವರೆಗೂ ಏಳದೆ ಮಲಗಿರ್ಲಿ, ಇವಳು ಔಷಧಿ ತಪ್ಪು ಕೊಟ್ಲು ಅಂತ ಹೆಸರು ಕೆಡ್ಲಿ, ಪರೀಕ್ಷೆಗೆ ಕಳಿಸದೇ ಇರ್ಲಿ ಅಂತ ಅಷ್ಟೇ."

ಕ್ಲಾಸಿನಲ್ಲಿ ಭಯವಿಲ್ಲದೆ ಹೇಳಿದ್ದೂ ಅದಕ್ಕೇ. ಆರೂವರೆಗೆ ಅವನ ಲೆಕ್ಕದಲ್ಲಿ ಅಜ್ಜ ಬರೀ ನಿದ್ದೆಯಲ್ಲಿದ್ದರು. ಮೀನಿನ ಮಾತಿಗೆ ಯಾರು ಬೆಲೆ ಕೊಡುತ್ತಾರೆ? ಏಳೂವರೆಗೆ ಕಿರುಚಾಟ ಕೇಳಿದ ಮೇಲೆ ಹಾಳೆ ನೆನಪಾಯಿತು.

"ಮೀನಿಗೆ ಯಾಕೆ ಹಾಕಿದ್ಯೋ?" ಟೀಚರಮ್ಮ ತಡೆಯಲಾರದೆ ಕೇಳಿದರು.

"ಗಾಜಿನ ಹತ್ರ ಬಂದು ಬಾಯಿ ತೆರೀತಿದ್ವು ಮೇಡಂ. ಪಾಪ ಅನ್ನಿಸ್ತು."



* * *

ಅವನನ್ನು ಜೀಪಿಗೆ ಹತ್ತಿಸಿದ ಮೇಲೆ ನರ್ಸ್ ಗೇಟಿನ ತನಕ ಬಂದಳು. ಪುಸ್ತಕ ನನ್ನ ಕೈಯಲ್ಲಿತ್ತು.

"ಇದು ಕೇಸು ಮುಗಿಯೋವರೆಗೂ ವಾಪಸ್ ಬರಲ್ಲಮ್ಮ. ಹೊಸದು ತಗೋ. ಸೋಮವಾರ ಪರೀಕ್ಷೆಗೆ ಹೋಗು. ಮಗಳಿಗೆ ಇವತ್ತೇ ಫೋನ್ ಮಾಡು."

ಅವಳು ತಲೆಯಾಡಿಸಿದಳು. ಕಣ್ಣು ಮಾತ್ರ ಜೀಪಿನ ಮೇಲೇ ಇತ್ತು.

"ಆ ವಾಕ್ಯ ನಾನೇ ಬರೆದೆ ಸರ್. ಸ್ಪೆಲ್ಲಿಂಗ್ ಸರಿ ಇದ್ಯಾ ಅಂತ ಮಾತ್ರ ನೋಡಿದೆ." ಆಮೇಲೆ ಗೇಟಿನ ಸರಳು ಹಿಡಿದಳು. "ಎಂಟು ತಿಂಗಳಿಂದ ದಿನಾ ಪಕ್ಕದಲ್ಲೇ ಕೂತಿದ್ದೆ. ನಾನು ಮಾಡಿದ್ದೆಲ್ಲ ಅವನಿಗೆ ಓದಿ ಹೇಳ್ತಿದ್ದೆ. ಮಗಳ ವಿಷಯಾನೂ. ಮೀನಿಗೆ ಹಸಿವಾಗಿದೆ ಅಂತ ಗೊತ್ತಾಯ್ತಲ್ಲ ಸರ್ ಅವನಿಗೆ."

ಮೀನಿನ ನೀರು ಬದಲಾಯಿಸಬೇಕು ಎಂದು ಹೇಳಿ ಅವಳು ಒಳಗೆ ಹೋದಳು.