ನೆಲ ಒಣಗುವವರೆಗಿನ ಹಾಡು

"ಈ ಹಾಡು ಯಾರದು?"

ಬೆನ್ನ ಹಿಂದಿನ ದನಿಗೆ ಅವಳು ಬೆಚ್ಚಿದಳು. ಸಮುದಾಯ ಭವನದ ಕಿಟಕಿಗಳನ್ನು ತೆರೆಯುತ್ತಾ ತನ್ನಷ್ಟಕ್ಕೆ ಗುನುಗುತ್ತಿದ್ದಳು. ತಿರುಗಿದರೆ, ಕೊರಳಿಗೆ ಮಣ್ಣಿನ ಮದ್ದಳೆ ಇಳಿಬಿಟ್ಟುಕೊಂಡ ತರುಣನೊಬ್ಬ ಬಾಗಿಲಲ್ಲಿ ನಿಂತಿದ್ದ.

ಊರಿನಲ್ಲಿ ನೆಲೆಸಿದ ಬಂಗಾಳಿ ಕುಟುಂಬಗಳದೊಂದು ತಂಡವಿತ್ತು. ಬಡಾವಣೆಯಿಂದ ಬಡಾವಣೆಗೆ ಹೋಗಿ ತಮ್ಮ ಹಾಡು, ಕುಣಿತ ಕಲಿಸುವುದು, ಅಲ್ಲಿಯವರ ಒಂದು ಹಾಡನ್ನು ತಾವು ಕಲಿಯುವುದು, ಕೊನೆಯ ದಿನ ಎಲ್ಲರೂ ಕೂಡಿ ಹಾಡುವುದು ಅವರ ಪದ್ಧತಿ. ಈ ಬಾರಿ ಅವರು ಬಂದದ್ದು ಈ ಭವನಕ್ಕೆ. ಇಲ್ಲಿನ ಕಚೇರಿಯಲ್ಲಿ ಅವಳು ಹೊಸ ಗುಮಾಸ್ತೆ.

"ವರಾಂಡದಲ್ಲಿ ಆ ಅಮ್ಮನೂ ಇದನ್ನೇ ಗುನುಗ್ತಿದ್ರು" ಎಂದ ಮದ್ದಳೆಯವನು.

ವರಾಂಡದಲ್ಲಿ ನೆಲ ಒರೆಸುತ್ತಿದ್ದವಳು ಅವಳ ಹೆತ್ತ ತಾಯಿ. ಗುತ್ತಿಗೆದಾರ ಅಮ್ಮನನ್ನು ಇದೇ ಭವನಕ್ಕೆ ಹಾಕಿದ್ದು ಆ ವಾರವಷ್ಟೇ. ಇಬ್ಬರ ಸಂಬಂಧ ಇಲ್ಲಿ ಯಾರಿಗೂ ತಿಳಿದಿರಲಿಲ್ಲ.

"ಅವರಾ... ಕೆಲಸದವರು. ನಾನು ಹಾಡೋದನ್ನ ಕೇಳಿ ಕೇಳಿ ಕಲ್ತಿರಬೇಕು."

ಒರೆಸುವ ಸದ್ದು ನಿಂತಿತು. ಆಮೇಲೆ ಮತ್ತೆ ಶುರುವಾಯಿತು.

"ಹೌದಪ್ಪ" ಎಂದಳು ಅಮ್ಮ, ತಲೆ ಎತ್ತದೆ. "ಮೇಡಂ ಚೆನ್ನಾಗಿ ಹಾಡ್ತಾರೆ."

ದೇವರು ಕೊಟ್ಟ ನಾಲಿಗೆ ಹೆತ್ತವಳನ್ನೇ ಇಲ್ಲವೆನ್ನಲು ಎಷ್ಟು ಹೊತ್ತು ತೆಗೆದುಕೊಳ್ಳುತ್ತದೆ? ಒಂದು ಉಸಿರು ಸಾಕು.

ಸಂಜೆ ಮನೆಯಲ್ಲಿ ಅವಳು ಅಡುಗೆಮನೆಯ ಬಾಗಿಲಿಗೊರಗಿ ನಿಂತಳು. "ಅಮ್ಮಾ, ಬೆಳಗ್ಗೆ ನಾನು..."

"ಬಿಡು ಪುಟ್ಟಿ. ನಿನ್ನ ಕೆಲಸ ಖಾಯಂ ಆಗೋವರೆಗೂ ಹಂಗೇ ಇರ್ಲಿ. ನಂದೇನು ಗಂಟು ಹೋಯ್ತು? ತಟ್ಟೆ ತಗೋ."

ಬೈದಿದ್ದರೆ ಹಗುರಾಗುತ್ತಿತ್ತು... ಬೈಯಲಿಲ್ಲ. ಆದರೆ ಮರುದಿನದಿಂದ ಅಮ್ಮ ಕೆಲಸ ಮಾಡುವಾಗ ಗುನುಗುವುದನ್ನೇ ಬಿಟ್ಟಳು.

ಅದು ಅಮ್ಮನೇ ಕಟ್ಟಿದ ಹಾಡು. ಹಿಂದೆ ಆಸ್ಪತ್ರೆಯೊಂದರ ಪಡಸಾಲೆ ಒರೆಸುವಾಗ ಪುಟ್ಟ ಮಗಳನ್ನು ಬೆಂಚಿನ ಮೇಲೆ ಕೂರಿಸಿ ಹಾಡುತ್ತಿದ್ದಳು: "ನೆಲ ಒಣಗೋವರೆಗೂ ಇಳಿಬೇಡ ಕಂದಾ, ಜಾರುತ್ತೆ ಕಾಲು." ತಂಡ ಇಲ್ಲಿಂದ ಕಲಿಯಲು ಆರಿಸಿಕೊಂಡದ್ದು ಇದನ್ನೇ. ಕಲಿಸುವಾಗ ಮಗಳು ಅದನ್ನು ಬದಲಿಸಿದಳು: "ಹೊಳೆ ಇಳಿಯೋವರೆಗೂ ದಾಟಬೇಡ ಕಂದಾ." ಒದ್ದೆ ನೆಲದ ಗುರುತೇ ಉಳಿಯಲಿಲ್ಲ.

ಮದ್ದಳೆಯವನು ಆ ಹಾಡನ್ನು ಮನಸಾರೆ ಹಚ್ಚಿಕೊಂಡ. ಹಾಡಿದವಳನ್ನೂ.

"ತಾಳ ತಪ್ಪಿಸೋದ್ರಲ್ಲಿ ನಿಮ್ಮನ್ನ ಮೀರಿಸೋರಿಲ್ಲ" ಎಂದು ಕಾಡುತ್ತಿದ್ದ.

"ಬಾರಿಸೋರು ನನ್ನ ಮುಖ ನೋಡೋದು ಬಿಟ್ರೆ ಸರಿಹೋಗುತ್ತೆ."

ತಂಡದ ಹಿರಿಯಾಕೆಯನ್ನು ಎಲ್ಲರೂ ದೀದಿ ಎನ್ನುತ್ತಿದ್ದರು. ಆಕೆ ಹಾರ್ಮೋನಿಯಂ ಹಿಂದಿನಿಂದಲೇ ಕೆಣಕುತ್ತಿದ್ದಳು, "ಏನಪ್ಪ, ನಿನ್ನ ಮದ್ದಳೆ ಇತ್ತೀಚೆಗೆ ಒಂದೇ ಕಡೆಗೆ ತಿರುಗುತ್ತಲ್ಲ?"

ಎಲ್ಲರೂ ನಗುತ್ತಿದ್ದರು. ಅವಳೂ ನಗುತ್ತಿದ್ದಳು. ಅಷ್ಟರಲ್ಲಿ ವರಾಂಡದಲ್ಲಿ ಬಕೆಟ್ಟಿನ ಸದ್ದಾದರೆ, ನಗು ಬಿಟ್ಟು ಹಾಡಿನ ಹಾಳೆ ತಿರುವತೊಡಗುತ್ತಿದ್ದಳು.

ಕಾರ್ಯಕ್ರಮದ ಹಿಂದಿನ ದಿನ ದೀದಿ ಅವಳನ್ನು ನಡುವೆ ಕೂರಿಸಿದಳು.

"ನಮ್ಮಲ್ಲಿ ಒಂದು ಕ್ರಮ ಇದೆ. ಯಾರಿಂದ ಹಾಡು ಬಂತೋ ಅವರಿಗೆ ಕೈಮುಗಿಯದೆ ಮೊದಲ ಸ್ವರ ಎತ್ತಲ್ಲ. ನಾಳೆ ವೇದಿಕೆ ಮೇಲೆ ಹೇಗೋ ಇವತ್ತು ಅಭ್ಯಾಸದಲ್ಲೂ ಹಾಗೇ."

ತಲೆ ನರೆತವರೂ ಸೇರಿ ಇಡೀ ತಂಡ ಅವಳ ಕಡೆಗೆ ತಿರುಗಿ ಕೈಜೋಡಿಸಿತು. ಮದ್ದಳೆಯವನು ಕಣ್ಣು ಮುಚ್ಚಿ ತಲೆಬಾಗಿದ.

ಆ ಬಾಗಿದ ತಲೆಗಳ ಆಚೆ, ಬಾಗಿಲಲ್ಲಿ ಅಮ್ಮ ಕಂಡಳು. ಎಲ್ಲರೂ ಮುಗಿಯುತ್ತಿದ್ದಾರೆ, ತಾನೊಬ್ಬಳು ಸುಮ್ಮನೆ ನಿಂತರೆ ಚೆನ್ನಾಗಿರುವುದಿಲ್ಲ ಎಂದುಕೊಂಡಳೇನೋ... ಒದ್ದೆ ಬಟ್ಟೆ ಪಕ್ಕಕ್ಕಿಟ್ಟು, ಕೈಯನ್ನು ಸೆರಗಿಗೆ ಒರೆಸಿಕೊಂಡು, ಅಮ್ಮನೂ ಮಗಳಿಗೆ ಕೈಮುಗಿದಳು.

ಭೂಮಿ ಬಾಯಿಬಿಡಬಾರದೇ ಎನಿಸಿತು ಅವಳಿಗೆ.

"ಬೇಡ... ಕೈ ಇಳಿಸಿ. ದಯವಿಟ್ಟು." ಅವಳು ಎದ್ದು ನಿಂತಳು. "ಹಾಡು ನಂದಲ್ಲ. ಅವರದು. ಅವರು ನಮ್ಮಮ್ಮ."

ಅಡಗಿಸಿಟ್ಟಿದ್ದ ಮಾತೂ ಬದಲಿಸಿದ ಸಾಲೂ ಎಲ್ಲವೂ ಹೊರಬಂದವು.

"ಆವತ್ತು ನಾನು ಕೇಳಿದಾಗ ಅವರು ಅಲ್ಲೇ ಇದ್ರು" ಎಂದ ಮದ್ದಳೆಯವನು.

"ಹೌದು."

"ಅವರ ಎದುರಿಗೇ ಹಾಗಂದ್ರಿ."

"ಹೌದು."

ಅವನು ಕೊರಳಿನಿಂದ ಮದ್ದಳೆ ಇಳಿಸಿ, ಅವಳತ್ತ ನೋಡದೆ ಹೊರಗೆ ನಡೆದುಬಿಟ್ಟ.

ದೀದಿ ಎದ್ದು ಬಾಗಿಲಿಗೆ ಹೋಗಿ ಅಮ್ಮನ ಒದ್ದೆ ಕೈ ಹಿಡಿದಳು. "ನಾಳೆ ನೀವೇ ಹಾಡಬೇಕು ತಾಯಿ."

"ಅಯ್ಯೋ, ಇದು ನೆಲ ಒರೆಸೋ ಹಾಡಮ್ಮ. ವೇದಿಕೆಗೆಲ್ಲ ಹೊಂದಲ್ಲ."

"ನಮ್ಮಲ್ಲಿ ದೋಣಿ ನಡೆಸೋರ ಹಾಡನ್ನ ತಲೆ ಮೇಲೆ ಹೊತ್ತು ಮೆರೆಸ್ತೀವಿ. ಒರೆಸೋ ಕೋಲು ಹುಟ್ಟುಗೋಲಿಗಿಂತ ಯಾವುದರಲ್ಲಿ ಕಮ್ಮಿ?"

ಅಮ್ಮ ಮಗಳ ಕಡೆ ನೋಡಿದಳು. "ಬಾಯಲ್ಲಿ ಒಂದು ಮಾತೂ ನಿಲ್ಲಲ್ಲ ಕಣೇ ನಿಂಗೆ" ಎಂದಳು. ಕಣ್ಣು ತುಂಬಿತ್ತು.

ಮರುದಿನ ಭವನ ತುಂಬಿ ಬಾಗಿಲಾಚೆಗೂ ಜನ ನಿಂತಿದ್ದರು. ಮದ್ದಳೆಯವನು ಬಂದಿದ್ದ, ಆದರೆ ಅವಳತ್ತ ತಿರುಗಲಿಲ್ಲ. ಅವಳೇ ಮೈಕಿನ ಮುಂದೆ ನಿಂತಳು.

"ಈ ಹಾಡು ಕಟ್ಟಿದೋರು ಇದೇ ಭವನದ ನೆಲ ಒರೆಸ್ತಾರೆ. ನಮ್ಮಮ್ಮ. ನಾನು ನಾಚಿಕೆಪಟ್ಟು ಬಚ್ಚಿಟ್ಟಿದ್ದೆ. ಈಗ ಹಾಗೆ ಬಚ್ಚಿಟ್ಟಿದ್ದಕ್ಕೆ ನಾಚಿಕೆ ಆಗ್ತಿದೆ."

ಇಷ್ಟು ಹೇಳಿ ಹಿಮ್ಮೇಳದ ಸಾಲಿನಲ್ಲಿ ಹೋಗಿ ಕುಳಿತಳು. ಅಮ್ಮನ ಒರಟು ದನಿ ಎದ್ದಿತು. ಮದ್ದಳೆ ಆ ದನಿಯ ಹಿಂದೆ ಹಿಂದೆಯೇ ಮೆಲ್ಲಗೆ ನಡೆಯಿತು. ಅವಳು ತಲೆ ತಗ್ಗಿಸಿಯೇ ಕೊನೆಯವರೆಗೂ ಹಾಡಿದಳು.

ಜನ ಚದುರಿದ ಮೇಲೆ ಜಮಖಾನ ಮಡಚಲು ಬಗ್ಗಿದರೆ, ಇನ್ನೊಂದು ತುದಿಯನ್ನು ಯಾರೋ ಎತ್ತಿದರು. ಮದ್ದಳೆಯವನು.

"ನಿನ್ನೆ ನಾನು ಹಾಗೆ ಎದ್ದು ಹೋಗಬಾರದಿತ್ತು."

"ಹೋಗಿದ್ದೇ ಸರಿ. ನಾನಾಗಿದ್ರೆ ವಾಪಸ್ ಬರ್ತಿರಲಿಲ್ಲ."

"ತುಂಬಾ ಸಿಟ್ಟು ಬಂದಿತ್ತು" ಎಂದ ಅವನು. "ಬೇರೆ ಯಾರಾದ್ರೂ ಹಾಗೆ ಮಾಡಿದ್ರೆ ಅಷ್ಟು ನೋವಾಗ್ತಿರಲಿಲ್ಲ. ನೀವು ನನಗೆ ಎಷ್ಟು ಹತ್ತಿರದವರು ಅಂತ ಆ ಸಿಟ್ಟಲ್ಲೇ ಗೊತ್ತಾಯ್ತು."

ಅವಳು ಜಮಖಾನದ ತುದಿಯನ್ನು ಹಾಗೇ ಹಿಡಿದು ನಿಂತಳು. ವೇದಿಕೆಯ ಅಂಚಿನಲ್ಲಿ ಕುಳಿತಿದ್ದ ಅಮ್ಮ ಕೂಗಿದಳು, "ಲೇ ಪುಟ್ಟಿ, ಅದನ್ನ ಮಡಚ್ತೀರೋ, ಇಲ್ಲ ಹಿಂಗೇ ಹಿಡ್ಕೊಂಡು ನಿಲ್ತೀರೋ?"

ಇಬ್ಬರೂ ಹತ್ತಿರ ಬಂದರು. ತುದಿಗೆ ತುದಿ ಸೇರಿತು.

"ನನ್ನ ನಾಚಿಕೆ ಇನ್ನೂ ಹೋಗಿಲ್ಲ" ಎಂದಳು ಅವಳು, ಮೆಲ್ಲಗೆ. "ಬಹುಶಃ ಹೋಗೋದೂ ಇಲ್ಲ."

"ಇರ್ಲಿ ಬಿಡಿ. ಅದರ ಜೊತೆ ನಾನೂ ಇರ್ತೀನಿ."