ವ್ಲಸ್ತಾ ಜೀರುಂಡೆ

ಮೇ ಹನ್ನೆರಡು, ಮಂಗಳವಾರ ಬೆಳಗ್ಗೆ ಮೊರಾವಿಯಾದ ಆ ಸಣ್ಣ ಊರಿನ ಠಾಣೆಗೆ ಸಂಗ್ರಹಾಲಯದ ಝ್ದೆಂಕಾ ದೂರು ತಂದಳು. 'ವ್ಲಸ್ತಾ ಜೀರುಂಡೆ' ಕಳುವಾಗಿದೆ, ಆ ಹೆಸರಿನದು ಲೋಕದಲ್ಲೇ ಇರುವುದು ಅದೊಂದು. ಅದರ ಜಾಗದಲ್ಲಿ ಹಾಗೇ ಕಾಣುವ ಬೇರೆಯದನ್ನು ಯಾರೋ ಅಂಟಿಸಿದ್ದಾರೆ, ಹೊಸ ಅಂಟು ಹೊಳೆಯುತ್ತಿದ್ದುದರಿಂದ ಗೊತ್ತಾಯಿತು. ಶುಕ್ರವಾರ ಮೂಲ ಜೀರುಂಡೆಯನ್ನು ಮರುಪರೀಕ್ಷೆ ಮಾಡಲು ಪ್ರಾಗ್‌ನಿಂದ ಪರಿಣತೆಯೊಬ್ಬಳು ಬರುವವಳಿದ್ದಳು.

"ಸತ್ತ ಹುಳಕ್ಕೂ ಎಫ್‌ಐಆರಾ ಸಾರ್?" ಗಸಗಸೆ ಬನ್ನು ಅಗಿಯುತ್ತ ಪೇದೆ ಬೊಹುಶ್ ಕೇಳಿದ.

"ಬಾಯಿ ಒರೆಸ್ಕೊಂಡು ಬರ್ಕೊ," ಎಂದ ಇನ್ಸ್‌ಪೆಕ್ಟರ್ ರಾದಿಮ್.

ಸ್ಥಳ ಪಂಚನಾಮೆಯ ಪ್ರಕಾರ ಬೀಗ ಒಡೆದಿರಲಿಲ್ಲ. ಕಪಾಟಿನ ಬೀಗದ ಕೈ ಇದ್ದದ್ದು ಕೀಟಸಂಘದ ಮೂವರು ಹಿರಿಯರ ಹತ್ತಿರ. ಮೂವರೂ ತಾವಲ್ಲ ಎಂದರು.

ರಾದಿಮ್ ಬದಲಿ ಹುಳವನ್ನು ಮುಂದಿಟ್ಟುಕೊಂಡು, ಭೂತಗನ್ನಡಿ ಹಿಡಿದು, ಕೀಟಗಳ ಗುರುತು ಹಚ್ಚುವ ಕೈಪಿಡಿ ತೆರೆದು ಕೂತ. ಪ್ರತಿ ಹಂತದಲ್ಲೂ ಎರಡೇ ದಾರಿ. ರೆಕ್ಕೆಕವಚದ ಮೇಲೆ ಗೀರಿದೆಯೋ, ಇಲ್ಲವೋ? ಇದ್ದರೆ ಈ ಹಂತಕ್ಕೆ ಹೋಗು, ಇಲ್ಲದಿದ್ದರೆ ಆ ಹಂತಕ್ಕೆ. ವಿಚಾರಣೆ ಮಾಡುವುದೂ ಹೀಗೇ ಅಲ್ಲವೇ ಎನಿಸಿ ಅವನಿಗೆ ಹುರುಪು ಬಂತು. ಕೊನೆಯ ಹಂತದಲ್ಲಿ ಮಾತ್ರ ಸಿಕ್ಕಿಬಿದ್ದ. ಹೊಟ್ಟೆ ಕಪ್ಪೋ, ತುಕ್ಕುಗೆಂಪೋ? ಹುಳವನ್ನು ಹೊಟ್ಟೆ ಕೆಳಗಾಗಿ ರಟ್ಟಿಗೆ ಅಂಟಿಸಲಾಗಿತ್ತು. ಅವನು ಅಂಟು ಬಿಡಿಸದೆ ಹಾಗೇ ಎತ್ತಿಟ್ಟ.

ಮರುದಿನ ಮೂವರನ್ನೂ ಬೇರೆಬೇರೆಯಾಗಿ ಕರೆಸಿ ಅದೇ ಹುಳವನ್ನು ಮುಂದಿಟ್ಟು ಗುರುತು ಹಚ್ಚಲು ಹೇಳಿದ. ಮೊದಲಿಬ್ಬರು ಕೊನೆಯ ಹಂತದಲ್ಲಿ ಕೈಚೆಲ್ಲಿದರು.

"ಬಿಸಿನೀರಲ್ಲಿ ಅಂಟು ಬಿಡಿಸ್ದೆ ಹೇಳಕ್ಕಾಗಲ್ಲ."

ಮೂರನೆಯವರು ಒತಕರ್, ರಾದಿಮ್‌ಗೆ ಶಾಲೆಯಲ್ಲಿ ಪಾಠ ಹೇಳಿದವರು. ಅವರ ಬೆರಳು ಕೈಪಿಡಿಯ ಮೇಲೆ ಸರಸರ ಓಡಿತು.

"ಹೊಟ್ಟೆ ತುಕ್ಕುಗೆಂಪು. ಹಾಗಾದ್ರೆ ಇದು ಹಿತ್ತಲ ಜೀರುಂಡೆ. ನನ್ನ ಗೊಬ್ಬರದ ಗುಂಡೀಲೇ ರಾಶಿ ಬಿದ್ದಿವೆ."

"ಹೊಟ್ಟೆ ಎಲ್ಲಿ ಕಾಣಿಸ್ತು ಮೇಷ್ಟ್ರೇ?"

ಬೆರಳು ನಿಂತಿತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

"ಗುರುತು ಹಚ್ಚೋದನ್ನ ಅರ್ಧಕ್ಕೆ ಬಿಟ್ಟು ಅಭ್ಯಾಸ ಇಲ್ಲ ಕಣೋ," ಎನ್ನುತ್ತ ಅವರು ಕೋಟಿನ ಒಳಜೇಬಿನಿಂದ ಬೆಂಕಿಪೊಟ್ಟಣ ತೆಗೆದಿಟ್ಟರು. ಕದ್ದ ಜೀರುಂಡೆ ಹತ್ತಿಯ ಮೇಲೆ ಮಲಗಿತ್ತು.

"ಯಾಕೆ ಮೇಷ್ಟ್ರೇ?"

"ಹೊಸ ಜಾತಿ ಅಂತ ನಾನೇ ಹೆಂಡ್ತಿ ಹೆಸರಿಟ್ಟಿದ್ದೆ. ಸಾಯೋ ಮುಂಚೆ ವ್ಲಸ್ತಾ, 'ನಾ ಹೋದ್ರೂ ನನ್ನ ಹೆಸರು ಹರಿದಾಡ್ಕೊಂಡಿರುತ್ತೆ ಬಿಡಿ' ಅಂತ ನಕ್ಕಿದ್ಲು. ಹೋದ ಚಳಿಗಾಲದಲ್ಲಿ ಹೊಸ ಕೈಪಿಡಿ ಹಿಡ್ಕೊಂಡು ನೋಡಿದ್ರೆ, ಮುಂಚೆಯಿಂದ ಗೊತ್ತಿರೋ ಕಾಡುಜೀರುಂಡೇನೇ ಅದು. ತಪ್ಪು ನಂದು. ಶುಕ್ರವಾರ ಅವಳ ಹೆಸರು ಹೊಡೆದುಹಾಕ್ತಿದ್ರು. ಹುಳಾನೇ ಇಲ್ದಿದ್ರೆ ತಪ್ಪು ಅಂತ ಯಾರು ಸಾಬೀತು ಮಾಡ್ತಾರೆ? ಹಿಂದೆ ಯಾವತ್ತೋ ಅದಲುಬದಲಾಗಿದೆ ಅಂದ್ಕೊಳ್ಳಲಿ ಅಂತ ಇನ್ನೊಂದನ್ನ ಅಂಟಿಸ್ದೆ."

ಪಾಠ ಹೇಳಿದ ಮೇಷ್ಟ್ರಾದರೂ ರಾದಿಮ್ ಬಂಧಿಸಲೇಬೇಕಿತ್ತು, ಬಂಧಿಸಿದ. ಬೊಹುಶ್ ಜಪ್ತಿ ಪಂಚನಾಮೆ ಬರೆಯಲು ಕೂತ.

"ಸಾರ್, ಹುಳದ ಹೆಸರು ಏನಂತ ಬರೀಲಿ? ಕಾಡುಜೀರುಂಡೆ ಅಂತಾನಾ?"

ಮೇಷ್ಟ್ರು ತಲೆ ತಗ್ಗಿಸಿದರು.

"ದೂರಲ್ಲಿ ಏನಿದ್ಯೋ ಅದೇ ಬರಿ," ಎಂದ ರಾದಿಮ್.

'ವ್ಲಸ್ತಾ ಜೀರುಂಡೆ, ಒಂದು' ಎಂದು ಬೊಹುಶ್ ಬರೆದ. ಮೇಷ್ಟ್ರು ಕಣ್ಣೊರೆಸಿಕೊಂಡು ಅದರ ಕೆಳಗೆ ಸಹಿ ಹಾಕಿದರು.

ಶುಕ್ರವಾರ ಪ್ರಾಗ್‌ನವಳು ಬಂದು ಪರೀಕ್ಷೆ ಮಾಡಿ ಪುಸ್ತಕಗಳಿಂದ ಆ ಹೆಸರನ್ನು ತೆಗೆಸಿದಳು. ಠಾಣೆಯ ಪಂಚನಾಮೆ ತಿದ್ದುವ ಅಧಿಕಾರ ಅವಳಿಗಿರಲಿಲ್ಲ.